ಮುಯ್ಯಿಮರಡಿಯ ನೆರಳು

ಕರಿಬಾಳಕ್ಕೆ ಮೊದಲ ಸಲ ಬರುವವರ ಕಣ್ಣಿಗೆ ದೂರದಿಂದಲೇ ಒಂದು ವಿಚಿತ್ರ ಬೀಳುತ್ತದೆ. ಎತ್ತ ನೋಡಿದರೂ ಎರೆಹೊಲ. ಜೋಳದ ಕಾಲಕ್ಕೆ ಹಸಿರು, ಕುಸುಬಿಯ ಕಾಲಕ್ಕೆ ಹಳದಿ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕುಬಿಟ್ಟ ಕರಿನೆಲ. ಆ ಬಯಲಿನ ನಡುವೆ, ಊರಿನ ಮೂಡಣಕ್ಕೆ, ಗುಡ್ಡ ಎನ್ನಲು ತೀರ ಚಿಕ್ಕದೂ ದಿಬ್ಬ ಎನ್ನಲು ತುಸು ದೊಡ್ಡದೂ ಆದ ಒಂದು ಮರಡಿ ತಲೆತುಂಬ ಮರ ಹೊತ್ತು ನಿಂತಿದೆ. ಬೇವು, ಹುಣಸೆ, ಹೊಂಗೆ, ನಡುನಡುವೆ ಒಂದೆರಡು ಆಲ. ಬುಡದಲ್ಲಿ ಸಿಹಿನೀರಿನ ಮೆಟ್ಟಿಲುಬಾವಿ. ಮೇಲೆ ಹತ್ತಿ ನೋಡಿದರೆ ಇನ್ನೊಂದು ಸೋಜಿಗ: ಹಳೆಯ ಮರಗಳ ಬುಡದಲ್ಲೆಲ್ಲ ಮಣ್ಣಿನ ಗಡಿಗೆಗಳ ಕಂಠ ನೆಲದಿಂದ ಇಣುಕುತ್ತದೆ, ಕೆಲವನ್ನಂತೂ ಬೇರುಗಳು ಅರ್ಧ ನುಂಗಿಬಿಟ್ಟಿವೆ. ಹೊರಗಿನವನೊಬ್ಬ ಇದನ್ನು ಕಂಡು ಹೂತಿಟ್ಟ ಹೊನ್ನಿರಬೇಕೆಂದು ಹಾರೆ ತಂದು ಅಗೆದು, ಬರಿಯ ಕೊಳೆತ ಹತ್ತಿಬತ್ತಿ ಸಿಕ್ಕಿ ಇಂಗು ತಿಂದ ಮಂಗನಂತಾಗಿ ಹೋದ ಕಥೆಯನ್ನು ಊರವರು ಇಂದಿಗೂ ನಕ್ಕು ಹೇಳುತ್ತಾರೆ. ಈ ಜಾಗಕ್ಕೆ ಮುಯ್ಯಿಮರಡಿ ಎಂದು ಹೆಸರು. ಆ ಹೆಸರು ಹೇಗೆ ಬಂತೆಂದು ಕೇಳಿದರೆ, ಕೇಳಿದವನನ್ನು ಮೊದಲು ನೆರಳಿನಲ್ಲಿ ಕೂರಿಸುತ್ತಾರೆ. ಆಮೇಲೆ ಕಥೆ ಶುರುವಾಗುತ್ತದೆ.

ಮುಯ್ಯಿ ಎಂದರೇನೆಂದು ಎರೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುವುದಾದರೆ, ನಾನು ಇಂದು ನಿನ್ನ ಹೊಲಕ್ಕೆ ಬಂದು ದುಡಿದರೆ ನೀನು ನಾಳೆ ನನ್ನ ಹೊಲಕ್ಕೆ ಬಂದು ದುಡಿಯಬೇಕು. ಕೂಲಿಯ ಮಾತಿಲ್ಲ, ಕಾಳಿನ ಮಾತಿಲ್ಲ. ಒಂದು ಹೊತ್ತಿನ ರೊಟ್ಟಿ, ಒಂದು ಚರಿಗೆ ಮಜ್ಜಿಗೆ, ಅಷ್ಟೇ. ಇದಕ್ಕೆ ಸಾಕ್ಷಿಯೂ ಬೇಡ, ಬರಹವೂ ಬೇಡ. ಉಂಡ ಮನೆಯ ಉಪ್ಪನ್ನು ಮರೆತವನುಂಟು, ಮುಯ್ಯಿ ಮರೆತವನನ್ನು ಈ ಕಡೆ ಯಾರೂ ಕಂಡಿಲ್ಲ ಎನ್ನುತ್ತಾರೆ. ಮುಯ್ಯಿ ತೀರಿಸದ ಮನೆಗೆ ಹೆಣ್ಣು ಕೊಡುವವರಿರಲಿಲ್ಲ, ಆ ಮನೆಯವನು ಚಾವಡಿಯಲ್ಲಿ ಬಾಯಿ ತೆರೆಯುವಂತಿರಲಿಲ್ಲ.

ಹಿಂದೆ ಒಮ್ಮೆ ಈ ಮರಡಿ ಬೋಳಾಗಿತ್ತು. ಮೊದಲಿನಿಂದ ಬೋಳಲ್ಲ, ಬೋಳಿಸಿದ್ದು. ಮರವಿದ್ದಲ್ಲಿ ಹಕ್ಕಿ ಕೂರುತ್ತದೆ, ಹಕ್ಕಿ ಕೂತಲ್ಲಿ ತೆನೆ ಉಳಿಯುವುದಿಲ್ಲ ಎಂಬುದು ಎರೆಹೊಲದವರ ಗಟ್ಟಿ ನಂಬಿಕೆ. ಹಾಗಾಗಿ ಹಿಂದಿನ ಗೌಡರು ಮರಡಿಯ ಮೇಲಿದ್ದ ಮರಗಳನ್ನೆಲ್ಲ ಕಡಿಸಿದರು. ಬೇವಿನ ಒಂದು ದೊಡ್ಡ ಬೊಡ್ಡೆ ಮಾತ್ರ ಕಿತ್ತುಬಾರದೆ ಉಳಿಯಿತು. ಹಕ್ಕಿಗಳಿಗೇನು, ಬೇರೆ ಊರಿನ ಮರದಲ್ಲಿ ಕೂತು ಇಲ್ಲಿಯ ಜೋಳ ತಿಂದವು. ಆದರೆ ಮಳೆ ಬಂದಾಗೊಮ್ಮೆ ಮರಡಿಯ ಕೆಂಪು ಗರಸುಮಣ್ಣು ಕೊಚ್ಚಿ ಬಂದು ಕೆಳಗಿನ ಹೊಲಗಳ ಮೇಲೆ ಹಾಸಿತು. ಬುಡದ ಸಿಹಿನೀರ ಬಾವಿ ಮೊದಲು ಬೇಸಿಗೆಗೆ ಬತ್ತಿತು, ಆಮೇಲೆ ಬೇಸಿಗೆಯನ್ನೂ ಕಾಯದೆ ಬತ್ತಿತು. ಊರಿನಲ್ಲಿ ಉಳಿದದ್ದು ಉಪ್ಪುಪ್ಪು ಸವುಳು ನೀರು, ಬಿಸಿಲು, ಮತ್ತೆ ಅದೇ ಹಕ್ಕಿಗಳು. ಇಷ್ಟಾದರೂ ಮರ ನೆಡೋಣವೆಂದು ಯಾರೂ ಅನ್ನಲಿಲ್ಲ. ಹಿರಿಯರು ಕಡಿದದ್ದನ್ನು ಕಿರಿಯರು ನೆಟ್ಟರೆ ಹಿರಿಯರಿಗೆ ಬುದ್ಧಿ ಇರಲಿಲ್ಲವೆಂದು ಒಪ್ಪಿದಂತಾಗುತ್ತದಲ್ಲ!

ಆ ಕಾಲಕ್ಕೆ ಊರಿನ ಕೆಳಗಿನ ಓಣಿಯಲ್ಲಿ ಕೆಂಚವ್ವ ಎಂಬ ಹೆಂಗಸಿದ್ದಳು. ಗಂಡ ತೀರಿಹೋಗಿದ್ದ, ಅಂಗೈಯಗಲ ಹೊಲವೂ ಇರಲಿಲ್ಲ. ಮಗನೂ ಸೊಸೆ ಯಲ್ಲವ್ವನೂ ಕೂಲಿಗೆ ಹೋಗಿ ಮನೆ ನಡೆಸುತ್ತಿದ್ದರು. ಕೆಂಚವ್ವನಿಗೆ ಮಗನಿಗಿಂತ ಮೊದಲು ಒಂದು ಹೆಣ್ಣುಕೂಸಾಗಿತ್ತು, ಹೊನ್ನಿ ಎಂದು ಹೆಸರು. ಸುಗ್ಗಿಯ ದಿನ ಕೊಯ್ದಿಟ್ಟ ಜೋಳದ ಸಿವುಡುಗಳ ಗುಡ್ಡೆಯ ನೆರಳಿನಲ್ಲಿ ಕೂಸನ್ನು ಮಲಗಿಸಿ ಆಕೆ ಸಾಲು ಹಿಡಿದು ಕೊಯ್ಯುತ್ತ ಹೋದಳು. ಹೊಲದ ಆ ತುದಿ ಮುಟ್ಟಿ ತಿರುಗಿ ಬರುವಷ್ಟರಲ್ಲಿ ನೆರಳು ಸರಿದಿತ್ತು. ತೊಟ್ಟಿಲಿನಂತೆ ಜೋಳಿಗೆ ಕಟ್ಟಲು ಒಂದು ಕೊಂಬೆ ಇದ್ದಿದ್ದರೆ ಕೂಸು ಉಳಿಯುತ್ತಿತ್ತು. ಈ ಮಾತನ್ನು ಕೆಂಚವ್ವ ಯಾರ ಮುಂದೆಯೂ ಹೇಳಲಿಲ್ಲ, ಒಂದು ದಿನವೂ ಮರೆಯಲಿಲ್ಲ. ಈಗ ಯಲ್ಲವ್ವ ಬಸುರಿಯೆಂದು ತಿಳಿದಾಗ ಮನೆಯವರೆಲ್ಲ ಹಿಗ್ಗಿದರು. ಕೆಂಚವ್ವ ಮಾತ್ರ ಹೊಸ್ತಿಲಲ್ಲಿ ನಿಂತು ಬೋಳು ಮರಡಿಯನ್ನೇ ನೋಡಿದಳು. ಈ ಕೂಸೂ ಸಿವುಡಿನ ಗುಡ್ಡೆಯ ಕೆಳಗೇ ಮಲಗಬೇಕು, ಇದರ ತಾಯಿಯೂ ಹೊಲದ ತುದಿಯವರೆಗೆ ಹೋಗಿಬರಬೇಕು. ಮರಡಿಯ ಮೇಲೆ ಮರ ಎಬ್ಬಿಸದೆ ಸಾಯುವುದಿಲ್ಲವೆಂದು ಅಂದೇ ಗಟ್ಟಿ ಮಾಡಿಕೊಂಡಳು.

ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಕೇಳಿದರೆ ಕೊಡುವ ಊರೂ ಅಲ್ಲ. ಕೆಂಚವ್ವ ಕೇಳಲಿಲ್ಲ. ಆ ವರ್ಷ ಮುಂಗಾರಿನ ಕಳೆ ತೆಗೆಯುವ ಹೊತ್ತಿನಿಂದ ಅವರಿವರ ಹೊಲಕ್ಕೆ ತಾನಾಗಿಯೇ ಹೋಗತೊಡಗಿದಳು. ಸಂಜೆ ಹೊಲದವರು ಕೂಲಿಯ ಕಾಳು ಅಳೆಯಲು ಬಂದರೆ, “ಕಾಳು ಬ್ಯಾಡ್ರಿ, ಮುಯ್ಯಿ ಇರ್ಲಿ,” ಎಂದು ಸೆರಗು ಕೊಡವಿ ಎದ್ದುಬಿಡುತ್ತಿದ್ದಳು. ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಲವೇ ಇಲ್ಲದವಳ ಮುಯ್ಯಿ! ತೀರಿಸುವುದಾದರೂ ಎಲ್ಲಿ, ಆಕೆಯ ಒಲೆಯ ಮುಂದೆಯೇ? ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬಂತೆ ಎಲ್ಲರೂ ಕರೆದರು. ಕಳೆಗೆ ಕರೆದರು, ಹತ್ತಿ ಬಿಡಿಸಲು ಕರೆದರು, ಕಡಲೆ ಕೀಳಲು ಕರೆದರು. ಗೌಡ ಭರಮನಗೌಡನಂತೂ, ಕೊಯ್ಲಿನ ಹೊತ್ತಿಗೆ ಅಕಾಲದ ಮೋಡ ಕವಿದಾಗ, ಮರಡಿಯ ಬುಡದ ತನ್ನ ದೊಡ್ಡ ಹೊಲಕ್ಕೆ ಆಕೆಯನ್ನು ದಿನದ ಮೇಲೆ ದಿನ ಕರೆಸಿದ. “ಆತು ಕೆಂಚವ್ವ, ನಂದೂ ಮುಯ್ಯಿ,” ಎಂದು ಆಳುಗಳ ಮುಂದೆ ಮೀಸೆಯಲ್ಲೇ ನಕ್ಕ. ಗೌಡನ ಮುಪ್ಪಿನ ತಾಯಿ ಹಂಪವ್ವ ಒಬ್ಬಳೇ, ವಾಡೆಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತ, “ಈ ಹೆಂಗಸು ಸುಮ್ಮನ ದುಡಿಯಾಕಿ ಅಲ್ಲ,” ಎಂದುಕೊಳ್ಳುತ್ತಿದ್ದಳಂತೆ.

ಅತ್ತ ಕೆಂಚವ್ವನ ಹಿತ್ತಲಿನಲ್ಲಿ ಬೇರೆಯದೇ ಸುಗ್ಗಿ ನಡೆದಿತ್ತು. ಹಳ್ಳದ ದಂಡೆಯ ಬೇವಿನ ಕೆಳಗೆ ಬಿದ್ದ ಬೀಜ, ಹುಣಸೆಹಣ್ಣು ಕುಟ್ಟುವವರ ಮನೆಯ ಹುಣಸೆಬೀಜ, ದೀಪದೆಣ್ಣೆಯವರು ಬಿಸಾಡಿದ ಹೊಂಗೆಕಾಯಿ, ಸಿಕ್ಕಿದ್ದನ್ನೆಲ್ಲ ಉಡಿಯಲ್ಲಿ ತಂದು ಮುರಿದ ಮಡಕೆಗಳಲ್ಲಿ ಹಾಕಿ ಮೊಳೆಸಿದ್ದಳು. ಪಾತ್ರೆ ತೊಳೆದ ನೀರು, ಮೈತೊಳೆದ ನೀರು, ಎಲ್ಲ ಅಲ್ಲಿಗೇ. ಅತ್ತೆಗೆ ಬುದ್ಧಿ ಸ್ಥಿಮಿತದಲ್ಲಿಲ್ಲವೇನೋ ಎಂದು ಯಲ್ಲವ್ವ ಹೆದರಿದಳು. ಊರ ಹೆಂಗಸರು ಬೇಲಿಯಾಚೆ ನಿಂತು ಇಣುಕಿ ಮೂಗು ಮುರಿದರು. ಕೆಂಚವ್ವ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೇಸಿಗೆ ಮುಗಿಯುತ್ತ ಬಂತು, ಮುಂಗಾರಿನ ಮೊದಲ ಗುಡುಗು ಕೇಳಿಸಿತು. ಆಗ ಕೆಂಚವ್ವ ಒಂದು ಬೆಳಿಗ್ಗೆ ಮೇಲಿನ ಓಣಿಯ ತುದಿಯಿಂದ ಕೆಳಗಿನ ಓಣಿಯ ತುದಿಯವರೆಗೆ ಮನೆಮನೆಗೂ ಹೋಗಿ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: “ನಾಳೆ ನನ್ನ ಮುಯ್ಯಿ. ಸಲಿಕಿ, ಗುದ್ದಲಿ, ಮನ್ಯಾಗಿನ ಒಡಕ ಗಡಿಗಿ ತಗೊಂಡು ಮರಡಿಗೆ ಬರ್ರಿ.” ಊರಿಗೆ ಊರೇ ಚಾವಡಿಗೆ ಓಡಿತು. ಇದು ಯಾವ ಸೀಮೆಯ ಮುಯ್ಯಿ ಎಂದು ಕೆಲವರು ಕೂಗಾಡಿದರು. ಒಪ್ಪಿದ ಮಾತು ಒಪ್ಪಿದಂತೆಯೇ ಎಂದು ಕೆಲವರು ನೆಲ ನೋಡಿದರು. ಕೊನೆಗೆ ಕೆಂಚವ್ವನನ್ನೇ ಕರೆಸಿದರು. ಆಕೆ ಸೆರಗು ಹೊದ್ದು ಕಂಬದ ಬಳಿ ನಿಂತಳು. ಈ ಒಂದು ಹೊತ್ತಿನಲ್ಲಿ ಮಾತು ಸೋತರೆ ವರ್ಷದ ದುಡಿಮೆಯೆಲ್ಲ ನೀರಿನಲ್ಲಿ ಹೋಮ.

“ಮುಯ್ಯಿ ಅಂದ್ರ ಹೊಲಕ್ಕ ಹೊಲ, ಕೊಯ್ಲಿಗೆ ಕೊಯ್ಲು,” ಎಂದ ಭರಮನಗೌಡ. “ನಿನ್ನ ಹೊಲ ಎಲ್ಲೈತಿ ತೋರ್ಸು, ನಾನ ಬಂದು ಕುಡಗೋಲು ಹಿಡೀತೀನಿ.”

“ಹೊಲ ಇಲ್ಲಂತ ನಿಮಗ ಗೊತ್ತಿತ್ತಲ್ರಿ ಗೌಡ್ರ,” ಎಂದಳು ಕೆಂಚವ್ವ. “ಗೊತ್ತಿದ್ದೂ ಮುಯ್ಯಿ ಯಾಕ ಒಪ್ಪಿದ್ರಿ? ತೀರಸೂದ ಬ್ಯಾಡಂತ ತಿಳಿದು ಒಪ್ಪಿದ್ರೇನ್ರಿ?”

ಎಲ್ಲರೂ ಒಪ್ಪಿದ್ದು ಹಾಗೆಂದು ತಿಳಿದೇ. ಅದನ್ನು ಬಾಯಿಬಿಟ್ಟು ಹೇಳುವ ಗಂಡಸು ಮಾತ್ರ ಅಲ್ಲಿರಲಿಲ್ಲ. ಗೌಡ ಮಾತು ಹೊರಳಿಸಿದ. ಮರ ಬೆಳೆದರೆ ಹಕ್ಕಿ ಬರುತ್ತದೆ, ಮರಡಿಯ ಬುಡದಲ್ಲಿರುವುದು ತನ್ನ ಹೊಲ, ತನ್ನ ಕೈಯಿಂದ ತನ್ನ ಹೊಟ್ಟೆಯ ಮೇಲೆಯೇ ಕಲ್ಲು ಹಾಕಿಕೊಳ್ಳಲೇ ಎಂದು ಕೇಳಿದ. ಉತ್ತರ ಬಂದದ್ದು ಹಿಂದಿನಿಂದ. ಎಂದೂ ಚಾವಡಿಯ ಮೆಟ್ಟಿಲು ತುಳಿಯದಿದ್ದ ಹಂಪವ್ವ ಕೋಲೂರಿಕೊಂಡು ಬಂದು ನಿಂತಿದ್ದಳು.

“ಭರಮಾ, ಮರಡಿ ಮ್ಯಾಲಿನ ಬೇವಿನ ಬೊಡ್ಡಿ ನೋಡೀಯಲ್ಲ? ಸುಗ್ಗ್ಯಾಗ ನಾ ಬುತ್ತಿ ತಗೊಂಡು ಹೋದಾಗೆಲ್ಲ ನಿನ್ನ ಜೋಳಿಗಿ ಕಟ್ಟತಿದ್ದದ್ದು ಅದರ ಕೊಂಬಿಗೆ. ಹಕ್ಕಿ ಕೂಡ್ತಾವಂತ ನಿಮ್ಮಪ್ಪ ಕಡಿಸಿದ. ಹಕ್ಕಿ ಹೋಗಲಿಲ್ಲ, ನೆಳ್ಳು ಹೋತು. ಈ ಕೆಂಚಿ ಕೂಸು ಹೋತು.” ಮುದುಕಿ ಒಮ್ಮೆ ಉಸಿರು ತಿರುಗಿಸಿಕೊಂಡು ಚಾವಡಿಯ ಮೂಲೆಯಲ್ಲಿ ಸಲಿಕೆಯ ಜೊತೆಗಿದ್ದ ಮಣ್ಣುಬುಟ್ಟಿ ಎತ್ತಿಕೊಂಡಳು. “ನೀ ಕುಂದ್ರು. ನಮ್ಮ ಮನಿ ಮುಯ್ಯಿ ನಾ ತೀರಸ್ತೀನಿ.”

ಮುಪ್ಪಿನ ತಾಯಿ ಬುಟ್ಟಿ ಹೊತ್ತು ಬಿಸಿಲಿಗೆ ಇಳಿದ ಮೇಲೆ ಮಗನಾದವನು ಚಾವಡಿಯಲ್ಲಿ ಕೂರುವುದು ಹೇಗೆ? “ಯವ್ವಾ, ನಿಂದ್ರಬೇ ಯವ್ವಾ,” ಎನ್ನುತ್ತ ಗೌಡ ಸಲಿಕೆ ಹಿಡಿದು ಹಿಂದೆ ಓಡಿದ. ಗೌಡನ ಹಿಂದೆ ಊರು ಹೊರಟಿತು. ನಾಳೆಗೆ ಕರೆದ ಮುಯ್ಯಿ ಅಂದೇ ಶುರುವಾಯಿತು. ಮೇಲಿನ ಓಣಿಯವರು, ಕೆಳಗಿನ ಓಣಿಯವರು ಒಂದೇ ದಿಬ್ಬದಲ್ಲಿ ಕುಣಿ ತೋಡಿದರು. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ, ಬೇರೆ ಬೇರೆ ಕೂರೋಣವೆಂದರೆ ಬೇರೆ ನೆರಳೂ ಇಲ್ಲ, ಒಂದು ನೆರಳೂ ಇಲ್ಲ; ಎಲ್ಲರೂ ಒಂದೇ ಬಿಸಿಲಿನಲ್ಲಿ ಕೂತು ಉಂಡರು. ಮೊದಲ ಮಳೆ ಬಿದ್ದ ಮರುದಿನ ಕೆಂಚವ್ವನ ಹಿತ್ತಲಿನ ಸಸಿಗಳು ಮರಡಿ ಏರಿದವು. ಪ್ರತಿ ಸಸಿಯ ಪಕ್ಕದಲ್ಲಿ, ತಳಕ್ಕೆ ಸಣ್ಣ ತೂತು ಮಾಡಿ ಹತ್ತಿಬತ್ತಿ ತುರುಕಿದ ಒಂದು ಒಡಕು ಗಡಿಗೆಯನ್ನು ಕಂಠದವರೆಗೆ ಹೂಳಿದರು. ಮೇಲೆ ಸುರಿದ ನೀರು ಗಾಳಿಗೆ ಆರದೆ, ಬಿಸಿಲಿಗೆ ಹೋಗದೆ, ಬತ್ತಿಯ ಗುಂಟ ತೊಟ್ಟುತೊಟ್ಟಾಗಿ ಬೇರಿಗೆ ಇಳಿಯಬೇಕು, ಅದು ಉಪಾಯ. ಹನಿ ಹನಿ ಕೂಡಿದರೆ ಹಳ್ಳ ಎಂದು ಬಾಯಲ್ಲಿ ಹೇಳುವವರು ಬಹಳ. ಕೆಂಚವ್ವ ಅದನ್ನು ಗಡಿಗೆಯಲ್ಲಿ ತುಂಬಿಸಿ ತೋರಿಸಿದಳು.

ಒಂದೆರಡು ದಿನದ ಕೆಲಸ ಮುಗಿಯಿತು, ಮುಯ್ಯಿ ತೀರಿತು ಎಂದು ಊರವರು ಕೈ ಕೊಡವಿಕೊಂಡರು. ಅಲ್ಲಿಯೇ ಅವರು ಎರಡನೆಯ ಸಲ ಮೋಸಹೋದದ್ದು. ಕೆಂಚವ್ವ ಒಂದೊಂದು ಮನೆಗೆ ದುಡಿದದ್ದು ಒಂದೆರಡು ದಿನವಲ್ಲ. ಮಳೆ ನಿಂತು ಚಳಿಗಾಲ ಕಾಲಿಟ್ಟ ಮೇಲೆ ಆಕೆ ದಿನಕ್ಕೊಂದು ಮನೆಯ ಬಾಗಿಲಿಗೆ ಹೋಗಿ, “ಇವತ್ತು ನಿಮ್ಮ ಮುಯ್ಯಿ ಐತ್ರಿ,” ಎನ್ನತೊಡಗಿದಳು. ಹಳ್ಳದ ಮರಳಿನಲ್ಲಿ ವರತೆ ತೋಡಿ, ಆ ಮನೆಯವರು ಅಂದು ಮರಡಿಗೆ ನೀರು ಹೊತ್ತರು. ಮರುದಿನ ಪಕ್ಕದ ಮನೆ. ಹೀಗೆ ಬೇಸಿಗೆಯೆಲ್ಲ ಕಳೆಯಿತು. ಕುರಿ ಮೇಕೆ ಬಾರದಂತೆ ಜಾಲಿಮುಳ್ಳಿನ ಬೇಲಿ ಕಟ್ಟಿದ್ದೂ ಮುಯ್ಯಿಯಲ್ಲೇ. ಮೊದಮೊದಲು ಗೊಣಗಿದವರು ಬರಬರುತ್ತ ತಮ್ಮ ಮನೆಯ ಸಸಿ ಚಿಗುರಿದೆಯೋ ಇಲ್ಲವೋ ಎಂದು ಕರೆಯದಿದ್ದರೂ ಬಂದು ನೋಡತೊಡಗಿದರು. ಕೆಲವು ಸಸಿಗಳು ಸತ್ತವು. ಸತ್ತಲ್ಲಿ ಬೇರೆ ನೆಟ್ಟರು.

ಅಷ್ಟರಲ್ಲಿ ಯಲ್ಲವ್ವನಿಗೆ ಹುಟ್ಟಿದ ಗಂಡುಕೂಸು ಅಂಬೆಗಾಲಿಡುತ್ತಿತ್ತು. ನೆಟ್ಟ ಬೇವು ಇನ್ನೂ ಮೊಳಕಾಲೆತ್ತರ. “ಈ ಕೂಸಿಗೆ ನಿನ್ನ ಮರ ಆಗಾದಿಲ್ಲಲ್ಲಬೇ ಅತ್ತೀ,” ಎಂದು ಯಲ್ಲವ್ವ ನಕ್ಕಳು. “ಅದಕ್ಕ ನಾ ಅದೀನಲ್ಲ,” ಎಂದಳು ಕೆಂಚವ್ವ. ಮರಡಿಯ ಮೇಲೆ ನಾಲ್ಕು ಗಳ ನೆಟ್ಟು ಜೋಳದ ದಂಟು ಹೊದಿಸಿ ಒಂದು ಚಪ್ಪರ ಹಾಕಿದಳು, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಹೊಲಕ್ಕೆ ಹೋಗುವ ಬಾಣಂತಿಯರು ಅದನ್ನು ಕಂಡರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬಂತೆ ಒಬ್ಬೊಬ್ಬರೇ ಬಂದು ತಮ್ಮ ಕೂಸನ್ನೂ ಅಲ್ಲಿ ಬಿಟ್ಟರು. ಮೇಲಿನ ಓಣಿಯ ಕೂಸು, ಕೆಳಗಿನ ಓಣಿಯ ಕೂಸು ಒಂದೇ ಕೌದಿಯ ಮೇಲೆ ಹೊರಳಾಡಿದವು. ಕೂಸು ಕಾಯುವುದಕ್ಕೆ ಕೆಂಚವ್ವ ಕೇಳಿದ ಮುಯ್ಯಿ ಒಂದೇ, ಸಂಜೆ ಕೂಸನ್ನು ಎತ್ತಿಕೊಂಡು ಹೋಗುವಾಗ ಗಡಿಗೆಗೆ ಒಂದು ಕೊಡ ನೀರು. ಹಳೆಯ ಮುಯ್ಯಿ ತೀರುವ ಹೊತ್ತಿಗೆ ಹೊಸ ಮುಯ್ಯಿ ಹೀಗೆ ಮೊಳೆತಿತ್ತು. ಕೆಂಚವ್ವನಿಗೆ ಆ ವರ್ಷಗಳಷ್ಟು ಸುಖದ ವರ್ಷಗಳು ಬೇರೆ ಇರಲಿಲ್ಲ ಎನ್ನುತ್ತಾರೆ. ಎಡಕ್ಕೆ ಅಳುವ ಕೂಸು, ಬಲಕ್ಕೆ ಬೆಳೆಯುವ ಸಸಿ. ಎರಡಕ್ಕೂ ನೀರು, ಎರಡಕ್ಕೂ ಕಾವಲು.

ಮರಗಳು ಆಳೆತ್ತರ ಮೀರಿದವು. ಹಕ್ಕಿಗಳು ಬಂದವು, ಸುಳ್ಳೇಕೆ ಹೇಳಬೇಕು, ಗೌಡನ ಜೋಳವನ್ನೂ ತಿಂದವು. ಆದರೆ ಜೋಳ ತಿಂದ ಬಾಯಲ್ಲೇ ಕಡಲೆಯ ಕೀಡಿಯನ್ನೂ ತಿಂದವು, ಊರಿನವರು ಕಂಡರಿಯದಷ್ಟು ಕಡಲೆ ಅವರ ಕಣಕ್ಕೆ ಬಂತು. ಮರಡಿಯ ಗರಸು ಬೇರಿಗೆ ಕಚ್ಚಿಕೊಂಡು ನಿಂತಿತು. ಬಿದ್ದ ಮಳೆ ಓಡಿಹೋಗುವುದನ್ನು ಬಿಟ್ಟು ಒಳಗಿಳಿಯಿತು. ಒಂದು ವರ್ಷ ಬುಡದ ಬಾವಿಯ ತಳದಲ್ಲಿ ಹಸಿ ಕಂಡಿತು, ಮುಂದಿನ ವರ್ಷ ಕಪ್ಪೆ ಕೂಗಿತು, ಅದರ ಮುಂದಿನ ಬೇಸಿಗೆಯಲ್ಲಿ ಹೆಂಗಸರು ಕೊಡ ಮುಳುಗಿಸಿದರು. ನ್ಯಾಯಪಂಚಾಯಿತಿ ಚಾವಡಿ ಬಿಟ್ಟು ಹೊಂಗೆಯ ಕೆಳಗೆ ಬಂತು. ತಂಪಿನಲ್ಲಿ ಕೂತವರಿಗೆ ಜಗಳದ ಬಿಸಿಯೂ ಬೇಗ ಇಳಿಯುತ್ತಿತ್ತಂತೆ.

ಹೀಗಿರಲು ಯಲ್ಲವ್ವನಿಗೆ ಕಡೆಯ ಕೂಸು ಹುಟ್ಟಿತು, ಹೆಣ್ಣು. ಅದಕ್ಕೆ ಹೊನ್ನಿ ಎಂದು ಹೆಸರಿಟ್ಟರು. ಸುಗ್ಗಿಯ ಮೊದಲ ದಿನ ಜೋಳಿಗೆ ಕಟ್ಟಬೇಕೆಂದು ಎಲ್ಲರೂ ಮರಡಿಗೆ ಬಂದರೆ, ಕೆಂಚವ್ವ ಬೇವಿನ ಕೊಂಬೆಯನ್ನು ಮುಟ್ಟಿ ಮುಟ್ಟಿ ನೋಡುತ್ತ, ತಾಳುತ್ತದೋ ಇಲ್ಲವೋ ಎಂದು ಅಳುಕಿದಳು. ಭರಮನಗೌಡ ಬಂದವನೇ ರುಮಾಲು ತೆಗೆದು ಕಲ್ಲಿನ ಮೇಲಿಟ್ಟ. ಆಗ ಅವನ ಮೀಸೆ ಹಣ್ಣಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು. ಎರಡೂ ಕೈಯಲ್ಲಿ ಕೊಂಬೆ ಹಿಡಿದು, ಕಾಲು ಮೇಲೆತ್ತಿ, ಇಡೀ ಊರಿನ ಮುಂದೆ ಹುಣಸೆಕಾಯಿಯಂತೆ ಜೋತು ತೂಗಾಡಿದ. ಕೊಂಬೆ ಜಗ್ಗಲಿಲ್ಲ. ಊರು ಹೊಟ್ಟೆ ಹಿಡಿದು ನಕ್ಕಿತು. ಆಗ ಬದುಕಿರದ ಹಂಪವ್ವನನ್ನು ನೆನೆದು ಕೆಲವರು ಕಣ್ಣೂ ಒರೆಸಿಕೊಂಡರು. ಗೌಡನೇ ಜೋಳಿಗೆಯ ಗಂಟು ಬಿಗಿದ.

“ಕೆಂಚವ್ವಾ, ನಮ್ಮ ಮನಿ ಮುಯ್ಯಿ ಇವತ್ತಿಗೆ ತೀರಿತು ನೋಡು,” ಎಂದ ಏದುಸಿರು ಬಿಡುತ್ತ.

“ಎಲ್ಲಿ ತೀರಿತ್ರಿ ಗೌಡ್ರ?” ಎಂದಳು ಕೆಂಚವ್ವ. “ನೀವು ಈಗ ನಿಂತದ್ದು ನೆಳ್ಳಾಗ ಅಲ್ಲೇನ್ರಿ?”

ಗೌಡ ಕಾಲ ಕೆಳಗೆ ನೋಡಿದ, ತಲೆಯ ಮೇಲೆ ನೋಡಿದ, ನಕ್ಕ. ಕೊಡ ಎತ್ತಿಕೊಂಡು ಬಾವಿಗೆ ಇಳಿದು, ಅಂಚಿನಲ್ಲಿ ಹೊಸದಾಗಿ ನೆಟ್ಟ ಸಸಿಯ ಗಡಿಗೆಗೆ ನೀರು ತುಂಬಿದ. ಅಂದಿನಿಂದ ಈ ಜಾಗ ಮುಯ್ಯಿಮರಡಿಯಾಯಿತು ಎನ್ನುತ್ತಾರೆ. ಎಲ್ಲರೂ ಕೊಯ್ಲಿಗೆ ಇಳಿದ ಮೇಲೆ ಕೆಂಚವ್ವ ಒಬ್ಬಳೇ ಜೋಳಿಗೆಯ ಪಕ್ಕದಲ್ಲಿ ಕೂತಳು. ಹಳೆಯ ಹೆದರಿಕೆ ಬಿಟ್ಟಿರಲಿಲ್ಲ. ಕಣ್ಣೆಲ್ಲ ನೆಲದ ಮೇಲೆ, ನೆರಳಿನ ಅಂಚಿನ ಮೇಲೆ. ಹೊತ್ತು ಏರಿತು, ಬೇವಿನ ನೆರಳು ಮೆಲ್ಲಗೆ ಸರಿಯಿತು. ಆಕೆ ಗಾಬರಿಯಿಂದ ಎದ್ದು ಜೋಳಿಗೆಗೆ ಕೈ ಹಾಕಿದಳು. ಅಷ್ಟರಲ್ಲಿ ಪಕ್ಕದ ಹುಣಸೆಯ ನೆರಳು ಬಂದು ಕೂಸಿನ ಮೇಲೆ ಬಿತ್ತು. ಅದು ಸರಿದಾಗ ಹೊಂಗೆಯದು ಬಂತು. ಆಗ ಕೆಂಚವ್ವ ಕೂತಲ್ಲಿಯೇ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ವರ್ಷ ಒಳಗಿಟ್ಟ ಅಳು ಅದು. ಅತ್ತು ಮುಗಿದ ಮೇಲೆ ಆಕೆಗೆ ಹಗುರವಾಯಿತು, ಹಸಿವೂ ಆಯಿತು. ಬುತ್ತಿ ಬಿಚ್ಚಿ ಎರಡು ರೊಟ್ಟಿ ಉಂಡು, ಸೆರಗು ಹಾಸಿ ಜೋಳಿಗೆಯ ಕೆಳಗೇ ನಿದ್ದೆ ಹೋದಳು.

ಇಂದಿಗೂ ಮರಡಿಯ ಬಾವಿಕಟ್ಟೆಯ ಮೇಲೆ ಒಂದು ಸಾಲು ಕೊಡಗಳಿರುತ್ತವೆ, ಯಾರವೆಂದು ಯಾರೂ ಕೇಳುವುದಿಲ್ಲ. ನೆರಳಿನಲ್ಲಿ ಕೂತವರು ಏಳುವಾಗ ಯಾವುದಾದರೊಂದು ಎಳೆಯ ಸಸಿಯ ಗಡಿಗೆಗೆ ಒಂದು ಕೊಡ ನೀರು ತುಂಬಬೇಕು; ಮದುವೆಯ ದಿಬ್ಬಣವಾದರೂ ಅಷ್ಟೇ, ದಾರಿಹೋಕನಾದರೂ ಅಷ್ಟೇ. ರಸ್ತೆಯಲ್ಲಿ ಹೋಗುವ ಲಾರಿಯವರು ಇಲ್ಲಿ ಗಾಡಿ ನಿಲ್ಲಿಸಿ ಒಂದು ನಿದ್ದೆ ತೆಗೆಯುತ್ತಾರೆ, ಎದ್ದು ಮುಖ ತೊಳೆಯುತ್ತಾರೆ, ಹೇಳಿಸಿಕೊಳ್ಳದೆಯೇ ಕೊಡ ಎತ್ತುತ್ತಾರೆ. ಸುಗ್ಗಿಯ ಕಾಲಕ್ಕೆ ಬಂದರೆ ಕೊಂಬೆಕೊಂಬೆಗೂ ಜೋಳಿಗೆ ತೂಗುವುದನ್ನು ಕಾಣಬಹುದು. ತಾಯಂದಿರು ದೂರದ ಸಾಲಿನಲ್ಲಿ ಬಗ್ಗಿ ಕೊಯ್ಯುತ್ತಿರುತ್ತಾರೆ. ಹೊತ್ತು ಏರಿದಂತೆ ನೆರಳು ಸರಿಯುತ್ತದೆ. ಜೋಳಿಗೆ ಬಿಚ್ಚಿ ಬೇರೆಡೆ ಕಟ್ಟಲು ಯಾರೂ ಓಡಿ ಬರುವುದಿಲ್ಲ.